ಹಿಂದಿನ ಕೋಣೆ, ತಿಂಗಳಿಗೆ ನಾನೂರು

ಅರ್ಜಿಯ ನೆತ್ತಿಯ ಮೇಲೆ ಹೀಗೆ ಅಚ್ಚಾಗಿತ್ತು:
‘ಅಪ್ರಾಪ್ತ ವಯಸ್ಸಿನ ಅಸಾಮರ್ಥ್ಯಗಳ ನಿವಾರಣೆ ಕೋರಿ.’
ಅಲಾಸ್ಕಾದಲ್ಲಿ ಹದಿನಾರು ತುಂಬಿದರೆ ಕೇಳಬಹುದಂತೆ.
ಮಾರ್ನಿ ಅದನ್ನು ನನ್ನ ಲಾಂಡ್ರಿಯಲ್ಲಿ,
ಮೂರನೇ ಮೆಷಿನ್ನಿನ ಮುಚ್ಚಳವೇ ಮೇಜಾಗಿ,
ನೀಲಿ ಪೆನ್ನಿನಲ್ಲಿ ತುಂಬಿದಳು.
ಮೆಷಿನ್ನು ಹಿಂಡತೊಡಗಿದಾಗ ಅಕ್ಷರಗಳು ನಡುಗಿದವು.
ಹುಡುಗಿ ಹೆದರಿದ್ದಾಳೆ ಅಂದುಕೊಂಡಿರಬೇಕು ಜಡ್ಜ್.

ನನ್ನನ್ನು ಸಾಕ್ಷಿಗೆ ಕರೆದರು.
ಮಿಸೆಸ್ ದುಮ್ಲಾವ್,
ಈಕೆ ತನ್ನ ಬಾಳು ತಾನು ನೋಡಿಕೊಳ್ಳಬಲ್ಲಳೆ?
ಏನು ಹೇಳಲಿ? ಮೂವತ್ತು ವರ್ಷದಿಂದ
ಕೊಡಿಯಾಕಿನ ಕೊಳೆ ಒಗೆಯುತ್ತಿದ್ದೇನೆ.
ಜೇಬು ತಡವದೆ ಬಟ್ಟೆ ಹಾಕುವವರು
ಬಾಳಲಾರರು ಎಂಬುದು ನನ್ನ ಶಾಸ್ತ್ರ.
ಇವಳು ತಡವುತ್ತಾಳೆ, ಎರಡೆರಡು ಸಲ.
ಬೆಳಿಗ್ಗೆ ಶಾಲೆ, ಸಂಜೆ ಮೀನಿನ ಕಾರ್ಖಾನೆಯಲ್ಲಿ ಪ್ಯಾಕಿಂಗು;
ಕೂದಲಿನ ವಾಸನೆ ನಿಂಬೆ ಉಜ್ಜಿದರೂ ಹೋಗದು.
ಬಾಡಿಗೆ ಒಂದನೇ ತಾರೀಖಿಗೆ,
ಲಕೋಟೆಯಲ್ಲಿ, ಚಿಲ್ಲರೆ ಸಮೇತ.
ಇಷ್ಟು ಹೇಳಿದೆ.
ಕೆಲವು ರಾತ್ರಿ ಡ್ರೈಯರಿಗೆ ಬೆನ್ನು ಕೊಟ್ಟು ಕೂತಿರುತ್ತಾಳೆ,
ಅದು ತಿರುಗುತ್ತಿರುತ್ತದೆ, ಒಳಗೆ ಬಟ್ಟೆಯೇ ಇರುವುದಿಲ್ಲ.
ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೊರೀನ್ ಕೆಟ್ಟವಳೆನ್ನಲು ನನಗೆ ನಾಲಿಗೆ ಏಳದು.
ಎಣ್ಣೆಬಾವಿಯ ಲಾಭದಲ್ಲಿ ಸರ್ಕಾರ ವರ್ಷಕ್ಕೊಮ್ಮೆ
ತಲೆಗಿಷ್ಟೆಂದು ಹಂಚುತ್ತದೆ ಇಲ್ಲಿ, ಹಸುಗೂಸಿಗೂ ಉಂಟು.
ಮಗಳ ಏಳು ವರ್ಷದ ಪಾಲು ಒಂದು ದೋಣಿಗೆ ಹೋಯಿತು,
ದೋಣಿ ಒಬ್ಬ ಗಂಡಸಿನೊಡನೆ ಹೋಯಿತು,
ಗಂಡಸು ಎಲ್ಲಿ ಹೋದನೆಂದು ಕಡಲಿಗೂ ತಿಳಿಯದು.
ಆಮೇಲೆ ಮಗಳ ಸಂಬಳ.
ಆಮೇಲೆ ಮಗಳ ಹೆಸರಿನಲ್ಲೇ ಕರೆಂಟಿನ ಬಾಕಿ.
‘ಮುಂದಿನ ಸೀಸನ್ನಿಗೆ ತೀರಿಸಿಬಿಡ್ತೀನಿ’,
ಪ್ರತಿ ಸಲವೂ ಹಾಗೆಂದು ಅವಳು ನಂಬಿಯೇ ಇದ್ದಳು.
ಅದೇ ಕಷ್ಟ.
ಬರೀ ಸುಳ್ಳುಬುರುಕಿಯಾಗಿದ್ದರೆ
ಮಗಳು ಎಂದೋ ಬಿಟ್ಟು ಬಂದಿರುತ್ತಿದ್ದಳು.

ಆಕ್ಷೇಪಣೆ ಇದೆಯೆ?
ಕೊರೀನ್ ಎದ್ದಳು. ಕೋಟಿನ ಜಿಪ್ಪು ಮೇಲೆಳೆದಳು, ಕೆಳಗೆಳೆದಳು.
ಅಳುವಿಗೋ ಬೈಗುಳಕ್ಕೋ ನಾವು ಸಿದ್ಧರಾಗಿ ಕೂತೆವು.
“ಪೆನಿಸಿಲಿನ್ ಆಗೋದಿಲ್ಲ ಅವಳಿಗೆ,” ಅಂದಳು.
“ಎರಡು ವರ್ಷದವಳಿದ್ದಾಗ ತುಟಿ ಊದಿ ಉಸಿರು ಕಟ್ಟಿತ್ತು.
ಇನ್ನು ಆಸ್ಪತ್ರೆ ಫಾರಮ್ಮು ತುಂಬೋಳು ಅವಳೇ ತಾನೆ?
ಬರಕೊಳ್ಳಲಿ.”
ಕೂತಳು.

ಮಾರ್ನಿಗೆ ಗೊತ್ತಿರಲಿಲ್ಲ.
ತನ್ನ ರಕ್ತದ ಸಂಗತಿಯೊಂದು
ಇಷ್ಟು ವರ್ಷ ಇನ್ನೊಬ್ಬರ ತಲೆಯಲ್ಲಿ ವಾಸವಾಗಿತ್ತು,
ಬಾಡಿಗೆ ಕೊಡದೆ.
ಕಾಗದಕ್ಕೆ ತಡಕಾಡಿದಳು, ಸಿಗದೆ ಅಂಗೈ ಮೇಲೆ ಬರೆದಳು.
“ ‘ಎಲ್’ ಎರಡು,” ಅಂದಳು ಕೊರೀನ್,
ಆಚೆ ಸಾಲಿನಿಂದ, ಯಾರ ಮುಖವನ್ನೂ ನೋಡದೆ.

ಎಲ್ಲ ಸೇರಿ ಹನ್ನೊಂದು ನಿಮಿಷ.
ಹೊಕ್ಕುಳಬಳ್ಳಿಗೆ ಅಂದು ಕತ್ತರಿ ಬೇಕಾಗಿತ್ತು;
ಇಂದು ಗುಮಾಸ್ತನ ಸ್ಟೇಪ್ಲರ್ ಸಾಕಾಯಿತು.

ಹೊರಗೆ ಗಾಳಿ. ಕೊರೀನ್ ಬಂದರಿನ ಕಡೆ, ನಾವು ಗುಡ್ಡದ ಕಡೆ.
ಬೆಳಗಿನಿಂದ ಏನೂ ತಿಂದಿರಲಿಲ್ಲ ಇಬ್ಬರೂ.
“ಇನ್ನು ನಿನ್ನ ಮೇಲೆ ದಾವೆ ಹೂಡಬಹುದು ನಾನು, ಗೊತ್ತಾ?”
ಅಂದೆ, ನಗಿಸಲು.
“ಹಾಗಾದರೆ ರಸೀದಿ ಕೊಡಿ,” ಅಂದಳು, “ನನ್ನ ಹೆಸರಿಗೆ.”
ಕೊಟ್ಟೆ.
ಕೋರ್ಟಿನ ಕಾಗದ ನೋಡಿಕೊಂಡು ಬರೆದೆ ಪೂರ್ತಿ ಹೆಸರು:
ಮಾರ್ನಿ ಕೊರೀನ್ ಸ್ಟ್ರಾಂಡ್.
ನಡುವಿನದಕ್ಕೆ ಬಂದಾಗ ನನ್ನ ಪೆನ್ನು ತುಸು ನಿಂತಿತು.
ಅವಳು ಬಿಡಿ ಎನ್ನಲಿಲ್ಲ.

ಆ ರಾತ್ರಿ ಅನ್ನದ ಪಾತ್ರೆ
ಒಂದೇ ಕೈಯಲ್ಲಿ ತೊಳೆದಳು.